ಬಟ್ಟೆ ಉಡಲು ಕಲಿಸಿದವರು

‘ಇದೂ ಒಂದು ಉತ್ತರ ಏನ್ರೀ?’ ಗದ್ವಾಲಿನ ಶಾಲೆಯ ಮೇಡಂ ನನ್ನ ಮಗಳ ಚರಿತ್ರೆಯ ಪೇಪರನ್ನು ನನ್ನ ಮುಂದೆ ಕುಕ್ಕಿದರು.

‘ಆಫ್ರಿಕಾದ ಕಪ್ಪು ಜನರಿಗೆ ಬಿಳಿಯರು ಏನು ಕಲಿಸಿದರು?’ ಎಂಬುದು ಪ್ರಶ್ನೆ. ‘ಬಟ್ಟೆ ಉಡುವುದನ್ನು’ ಎಂಬುದು ಪಾಠದ ಉತ್ತರ. ಮಗಳು ಮಾತ್ರ, ಮಗ್ಗದಲ್ಲಿ ಕೂತಿದ್ದ ನನ್ನತ್ತೆ ಆ ಪಾಠ ಕೇಳಿ ಅಂದದ್ದನ್ನೇ ಬರೆದಿದ್ದಳು: ‘ಬಟ್ಟಿ ಬೇಕಂತ ಹಡಗ ಹತ್ತಿ ನಮ್ಮಂಥ ಕರೇ ಮಂದಿ ಹತ್ರಾನ ಬಂದಿದ್ರು. ಅವರೇನು ಕಲಿಸ್ತಾರ?’

‘ಬುಕ್ಕಿನಾಗ ಇದ್ದದ್ದ ಬರೀಬೇಕ್ರಿ. ಅಜ್ಜಿ ಮಾತಿಗೆ ಮಾರ್ಕ್ಸ್ ಇಲ್ಲ’ ಎಂದು ಮೇಡಂ ಸೆರಗು ಸರಿಪಡಿಸಿಕೊಂಡರು. ಅಂಚು ನೋಡಿದೆ. ನನ್ನತ್ತೆ ನೇಯ್ದ ಸೀರೆ!

ನನ್ನತ್ತೆಗೆ ಸೊನ್ನೆ ಸಿಕ್ಕಿತು. ಆಕೆಯ ಸೀರೆಯನ್ನು ಉಡಲು ಮೇಡಂಗೆ ಯಾವ ಬಿಳಿ ದೊರೆ ಕಲಿಸಿದನೆಂದು ಕೇಳದೆ ಬಂದುದಕ್ಕೆ ನಾಲಿಗೆ ಇನ್ನೂ ತುರಿಸುತ್ತಿದೆ.