ಅನುವಿನ ಸುಟ್ಟ ಕೈ

ಹುಳಿ ಬಂದ ದೋಸೆಹಿಟ್ಟಿನ ವಾಸನೆ ಮೂಗಿಗೆ ಬಿದ್ದರೆ ನನಗೆ ಹಸಿವಾಗುವುದಿಲ್ಲ, ಸಿಟ್ಟು ಬರುತ್ತದೆ. ಠಾಕುರ್ಲಿಯ ಚಾಳಿನ ಆ ಒಂದೂವರೆ ಕೋಣೆಯ ಮನೆ ಈಗಿಲ್ಲ. ಕೆಡವಿ ಬಿಲ್ಡಿಂಗ್ ಎಬ್ಬಿಸಿದ್ದಾರೆ. ಅಲ್ಲಿ ನಾನು ಮತ್ತು ನನ್ನ ಗಂಡನ ಅಕ್ಕ ಸರೋಜತ್ತಿಗೆ, ಇಬ್ಬರೂ ಗಂಡ ಸತ್ತವರು, ಕೆಲಸಕ್ಕೆ ಹೋಗುವ ಹೆಂಗಸರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದೆವು. ಬೆಳಿಗ್ಗೆ ಲೋಕಲ್ ರೈಲು ಹಿಡಿಯುವ ಅವಸರದಲ್ಲಿ ತಾಯಂದಿರು ಬಾಗಿಲಲ್ಲೇ ಮಗುವನ್ನು ನಮ್ಮ ಕೈಗೆ ದಾಟಿಸಿ ಓಡುತ್ತಿದ್ದರು. ನಿಮ್ಮಲ್ಲಿಯೂ ಯಾರಾದರೂ ಅಂಥ ಮನೆಯಲ್ಲಿ ಬೆಳೆದಿರಬಹುದು: ಹಳೆ ಸೀರೆಯ ಜೋಲಿ, ಹಾಲು ಕಕ್ಕಿದ ಚಾಪೆ, ಎಣ್ಣೆ ಹಚ್ಚಿದ ಪುಟ್ಟ ಬೆನ್ನುಗಳು, ಪಕ್ಕದ ಹಳಿಯಲ್ಲಿ ಗಾಡಿ ಹೋದಾಗಲೆಲ್ಲ ಕಪಾಟಿನಲ್ಲಿ ಕುಣಿಯುವ ಡಬ್ಬಿಗಳು. ಚೆಂದ ಅನ್ನುತ್ತೀರಿ. ಚೆಂದವೇ. ಆದರೆ ನಾವಿಬ್ಬರು ಹೆಂಗಸರು ಒಬ್ಬರ ಮುಖ ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ.

ಅತ್ತಿಗೆಗೆ ತನಗೆ ತಿಳಿಯದ್ದು ಯಾವುದೂ ಇಲ್ಲವೆಂಬ ಸೊಕ್ಕು. ನನ್ನ ಗಂಡ ಹೋಟೆಲಿನಲ್ಲಿ ಅಡಿಗೆಯವನಾಗಿದ್ದ. ಅಲ್ಲಿ ಕಾವಲಿ ತಾಗಿ ಬೆರಳು ಸುಟ್ಟರೆ ಹಿಟ್ಟಿನ ಪಾತ್ರೆಗೇ ಅದ್ದುತ್ತಿದ್ದರಂತೆ. ಆ ಹಿಟ್ಟಿನ ದೋಸೆಯನ್ನು ನೀವೂ ತಿಂದಿರಬಹುದು. ತನ್ನ ತಮ್ಮ ಮಾಡಿದ್ದೇ ಅವಳಿಗೆ ವೈದ್ಯ. ಸುಟ್ಟದ್ದಕ್ಕೆಲ್ಲ ಹಿಟ್ಟು, ನೀರು ಮಾತ್ರ ಮುಟ್ಟಿಸಕೂಡದು. ನಲ್ಲಿ ಬರುತ್ತಿದ್ದದ್ದು ದಿನಕ್ಕೆ ಒಂದು ಗಂಟೆ. ಡ್ರಮ್ಮಿನಲ್ಲಿ ತುಂಬಿಟ್ಟ ನೀರಿಗೆ ಅವಳೇ ಕಾವಲು.

ಅನು ಒಂದೂವರೆ ವರ್ಷದ ಹೆಣ್ಣುಮಗು. ಅವಳ ತಾಯಿ ಸುನಂದಾ ಧಾರವಾಡದ ಕಡೆಯವಳು, ತುರ್ಭೆಯ ಕಂಪನಿಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ದಿನ ಅನುವನ್ನು ಮೀಯಿಸಲು ನಾನು ಕುದಿಯುವ ನೀರನ್ನು ಬಕೆಟ್ಟಿಗೆ ಹೊಯ್ದು, ತಣ್ಣೀರು ತರಲು ಡ್ರಮ್ಮಿನ ಕಡೆ ತಿರುಗಿದೆ. ನನ್ನ ತಾಯಿಯೂ ಬಿಸಿ ಮೊದಲು ಹಾಕಿಯೇ ಬೆರೆಸುತ್ತಿದ್ದಳು. ಮೂರು ಹೆಜ್ಜೆಯ ದಾರಿ. ಅಷ್ಟರಲ್ಲಿ ಮಗು ಬಕೆಟ್ಟಿನ ಅಂಚು ಹಿಡಿದು ನಿಂತು ಬಲಗೈಯನ್ನು ಒಳಗೆ ಹಾಕಿತ್ತು.

ಎತ್ತಿಕೊಂಡು ಚೊಂಬಿನಿಂದ ತಣ್ಣೀರು ಸುರಿಯತೊಡಗಿದೆ. ಬುದ್ಧಿಯಿಂದಲ್ಲ, ಹೆದರಿಕೆಯಿಂದ. ಎರಡನೆಯ ಚೊಂಬಿಗೇ ಅತ್ತಿಗೆ ಬಂದು ಅದನ್ನು ನನ್ನ ಕೈಯಿಂದ ಕಿತ್ತುಕೊಂಡಳು.

“ಮರ್ಲಾ ನಿಂಗೆ? ನೀರು ಹಾಕಿದ್ರೆ ಬೊಕ್ಕೆ ಏಳ್ತದೆ. ಹಿಟ್ಟು ತಾ!”

“ಬಿಡಿ ಅತ್ತಿಗೆ, ಮಗು ಉಸಿರು ಕಟ್ಟಿ ಅಳ್ತಾ ಉಂಟು.”

“ಅಳ್ಲಿ. ನೀನು ಎಷ್ಟು ಹೆತ್ತಿದ್ದಿ ಮಾರಾಯ್ತಿ, ನಂಗೆ ಕಲಿಸ್ಲಿಕ್ಕೆ?”

ನಾನು ಹೆತ್ತವಳಲ್ಲ. ಗೊತ್ತಿದ್ದೇ ಚುಚ್ಚಿದ್ದು. ಹೋಗಿ ಹಿಟ್ಟು ತಂದುಕೊಟ್ಟೆ. ಅವಳು ಗೋಡೆಗೆ ಸುಣ್ಣ ಬಳಿಯುವ ಹಾಗೆ ಬಳಿದಳು.

ಮಗು ಅಳು ನಿಲ್ಲಿಸದಿದ್ದಾಗ ಡಾಕ್ಟರ ಬಳಿ ಹೊತ್ತುಕೊಂಡು ಓಡಿದೆವು. ಒಣಗಿದ ಹಿಟ್ಟನ್ನು ಬಿಡಿಸುವಾಗ ಜೊತೆಗೆ ಚರ್ಮವೂ ಬಂತು. ದೃಷ್ಟಿಗೆಂದು ತಾಯಿ ತೊಡಿಸಿದ್ದ ಕರಿಬಳೆ ಬಾತ ಕೈಯಲ್ಲಿ ಹೂತುಹೋಗಿತ್ತು. ಡಾಕ್ಟರು ಇಬ್ಬರನ್ನೂ ಸೇರಿಸಿ ಬೈದರು. ಕೈ ಬಾತುಕೊಳ್ಳುವ ಮೊದಲೇ ಬಳೆ ತೆಗೆಯಬೇಕಿತ್ತು, ಸುಟ್ಟ ಕೈ ಮೇಲೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಬೇಕಿತ್ತು, ಆಮೇಲೆ ಶುಭ್ರವಾದ ಬಟ್ಟೆ ಮುಚ್ಚಿ ತರಬೇಕಿತ್ತು, ಬೇರೆ ಏನೂ ಬೇಡವಾಗಿತ್ತು ಎಂದರು. ನಾನು ಬಿಟ್ಟುಕೊಟ್ಟ ಆ ಚೊಂಬಿನ ನೀರೇ ಔಷಧಿಯಾಗಿತ್ತು.

ಕಂಪನಿಯ ಗೇಟಿಗೆ ಫೋನ್ ಮಾಡಿಸಿದ ಮೇಲೆ ಸುನಂದಾ ಬಂದಳು, ಚಪ್ಪಲಿ ಒಂದು ಕಾಲಿನಲ್ಲಿ ಮಾತ್ರ ಇತ್ತು.

“ಯಾರ್ರೀ ನನ್ನ ಕೂಸಿಗೆ ಹಿಂಗ ಮಾಡಿದ್ದು?”

ನಾನು ಅತ್ತಿಗೆಯನ್ನು ತೋರಿಸಿದೆ. “ಹಿಟ್ಟು ಬಳಿದದ್ದು ಇವರು.”

ಸುಳ್ಳಲ್ಲ. ಬಕೆಟ್ಟು ಇಟ್ಟವರು ಯಾರೆಂದು ಸುನಂದಾ ಕೇಳಲಿಲ್ಲ, ನಾನು ಹೇಳಲಿಲ್ಲ. ಅತ್ತಿಗೆ ನನ್ನನ್ನೇ ನೋಡುತ್ತ ನಿಂತಳು. ಈಗ ಬಾಯಿ ಬಿಡುತ್ತಾಳೆ ಎಂದುಕೊಂಡೆ. “ಹೌದು, ನಾನೇ,” ಎಂದಳು, ಅಷ್ಟೇ. ಸುನಂದಾ ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಅತ್ತಿಗೆ ತಲೆ ತಗ್ಗಿಸದೆ ಕೇಳಿಸಿಕೊಂಡಳು. ಅದು ದೊಡ್ಡ ಮನಸ್ಸೋ, ನನ್ನ ಬಾಯಿಗೆ ಜನ್ಮಪೂರ್ತಿ ಬೀಗ ಹಾಕುವ ಹಟವೋ, ಇವತ್ತಿಗೂ ತಿಳಿಯದು.

ಆಮೇಲೆ ತಾಯಂದಿರು ಒಬ್ಬೊಬ್ಬರೇ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಜೋಲಿ ಬಿಚ್ಚಿ ಮಡಚಿದೆವು. ಅತ್ತಿಗೆ ಟಿಟ್ವಾಳಾದಲ್ಲಿದ್ದ ಮಗಳ ಮನೆಗೆ ಹೊರಟಳು. ಬಾಗಿಲಲ್ಲಿ ಚೀಲ ಎತ್ತಿಕೊಳ್ಳುತ್ತ, “ನೀನು ಇನ್ನು ಯಾರ ಮಗುವನ್ನೂ ಮೀಯಿಸ್ಬೇಡ,” ಎಂದಳು. ನಾನು ಮೀಯಿಸಲಿಲ್ಲ. ಎರಡು ಮಳೆಗಾಲ ಕಳೆದು ಅವಳು ತೀರಿಹೋದ ಸುದ್ದಿ ಬಂತು. ಕಣ್ಣೀರು ಬರಲಿಲ್ಲ. ಆದರೆ ಅವಳಿಲ್ಲದ ಆ ಕೋಣೆಯಲ್ಲಿ ಜಗಳಕ್ಕೂ ಜನವಿರಲಿಲ್ಲ.

ತುಂಬ ವರ್ಷಗಳ ಮೇಲೆ ಡೊಂಬಿವ್ಲಿ ಸ್ಟೇಷನ್ನಿನ ಸೇತುವೆಯಲ್ಲಿ ಸುನಂದಾ ಸಿಕ್ಕಳು, ಜೊತೆಗೆ ಅವಳೆತ್ತರಕ್ಕೆ ಬೆಳೆದ ಅನು. ಬಲಗೈಯ ಎರಡು ಬೆರಳು ಪೂರ್ತಿ ನೆಟ್ಟಗಾಗುವುದಿಲ್ಲ. ಅದೇ ಕೈಯಲ್ಲಿ ಮೊಬೈಲ್ ಹಿಡಿದಿದ್ದಳು. ಕನ್ನಡ ತಿಳಿಯುತ್ತದೆ, ಮಾತು ಹಿಂದಿಯಲ್ಲಿ. ನನ್ನ ಕಾಲು ಮುಟ್ಟಿ ನಮಸ್ಕರಿಸಿ ಕೇಳಿದಳು: “ವೋ ದೂಸರಿ ನಾನೀ ನೇ ಜಲಾಯಾ ಥಾ ನಾ ಮುಝೇ?”

ಆ ಇನ್ನೊಬ್ಬ ಅಜ್ಜಿಯೇ ಸುಟ್ಟದ್ದಲ್ಲವೇ ಎಂದು.

ಜನ ತಳ್ಳಿಕೊಂಡು ಹೋಗುತ್ತಿದ್ದರು. ನಾನು ಹೂಂ ಎಂದೆ.