ಬಾಗಿಲಿನ ಒಳಮೈ

ನಮ್ಮ ಫ್ಲಾಟುಗಳ ಮೆಟ್ಟಿಲ ಬುಡದಲ್ಲಿ ಒಂದು ಹಲಗೆ ಇದೆ. ನೀರಿನ ಲಾರಿ ಬರುವ ಹೊತ್ತು, ಮೋಟಾರು ಕೆಟ್ಟ ಸುದ್ದಿ, ಸಂಘದ ಸಭೆಯ ಭಾನುವಾರ, ಎಲ್ಲವನ್ನೂ ಕಾರ್ಯದರ್ಶಿಗಳು ಬರೆದು ಅಲ್ಲಿ ಟೇಪು ಹಚ್ಚಿ ಅಂಟಿಸುತ್ತಾರೆ. ಮೊನ್ನೆ ಬೆಳಿಗ್ಗೆ ಹಾಲು ತರಲು ಇಳಿದವನು ಅಂಥದೊಂದು ಚೀಟಿಯ ಮೂಲೆ ಎದ್ದು ಪಟಪಟಿಸುತ್ತಿರುವುದನ್ನು ಕಂಡು ಹೆಬ್ಬೆರಳಿನಿಂದ ಒತ್ತಿದೆ. ಕೈ ತೆಗೆದೊಡನೆ ಎದ್ದಿತು. ಮತ್ತೆ ಒತ್ತಿದೆ. ಹಿಂದಿನಿಂದ ಬಂದ ನನ್ನ ಹೆಂಡತಿ ಸರೋಜ, "ರಿಟೈರಾಗಿ ಎಂಟು ವರ್ಷ ಆಯ್ತು, ಇನ್ನೂ ಗೋಡೆ ತಡವೋದು ಬಿಟ್ಟಿಲ್ಲವಲ್ರೀ ನೀವು" ಎಂದಳು.

ಬಿಟ್ಟಿಲ್ಲ, ನಿಜ. ತಮಿಳುನಾಡಿನಲ್ಲಿ, ಪೋರೂರಿನಿಂದಾಚೆಗೆ, ಹೆಸರು ಬೇಡ, ಒಂದು ಪಟ್ಟಣ ಪಂಚಾಯಿತಿಯಲ್ಲಿ ನಾನು ಅಟೆಂಡರ್ ಆಗಿದ್ದವನು. ಅಲ್ಲೇ ರಾಯಪುರಂನಲ್ಲಿ ರೈಲ್ವೆ ಕೆಲಸದಲ್ಲಿದ್ದ ಅಪ್ಪ ಹೈಸ್ಕೂಲಿನವರೆಗೆ ಓದಿಸಿದರು. ಆ ವಿದ್ಯೆಗೆ ಸಿಕ್ಕ ಪದವಿ ಅದು. ಫೈಲು ಹೊರುವುದು, ಟೀ ತರುವುದು ಯಾರಾದರೂ ಮಾಡಿಯಾರು. ನೋಟೀಸು ಅಂಟಿಸುವುದು ಮಾತ್ರ ಕಲೆ ಎಂದು ನನ್ನ ಭಾವನೆಯಾಗಿತ್ತು. ಮೈದಾಹಿಟ್ಟನ್ನು ಗಂಟಾಗದಂತೆ ಕಾಯಿಸಿ, ಹುಳು ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ, ಕಾಗದದ ಬೆನ್ನಿಗೆ ನಡುವಿನಿಂದ ಅಂಚಿಗೆ ಬಳಿಯಬೇಕು. ನಾನು ಅಂಟಿಸಿದ್ದು ಎರಡು ಮಳೆಗಾಲ ಕಳೆದರೂ ಬಿಡುತ್ತಿರಲಿಲ್ಲ. ಊರಿನ ಆಡಳಿತವೆಲ್ಲ ನನ್ನ ಅಂಟಿನ ಮೇಲೆಯೇ ನಿಂತಿದೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ಸಭೆ ನಡೆಸುವ ಮೊದಲು ಜನರಿಗೆ ತಿಳಿಯುವಂತೆ ಕಚೇರಿಯ ಬಾಗಿಲಿಗೆ ನೋಟೀಸು ಅಂಟಿಸಬೇಕೆಂಬುದು ನಿಯಮ. ಬಹಳ ಹಿಂದೆ ಬೀದಿಬೀದಿಯಲ್ಲಿ ತಮಟೆಯನ್ನೂ ಬಾರಿಸುತ್ತಿದ್ದರಂತೆ. ನಾನು ಸೇರುವ ಹೊತ್ತಿಗೆ ಅದು ನಿಂತು, ಬಾಗಿಲೊಂದೇ ಉಳಿದಿತ್ತು. ಆದರೆ ಜನರು ತಿಳಿದು ಬಂದು ತಕರಾರು ತೆಗೆದರೆ ತೊಂದರೆ ಎನ್ನುವ ಸಭೆಗಳೂ ಇರುತ್ತವಲ್ಲ. ಅಂಥವಕ್ಕೆ ನಮ್ಮಲ್ಲಿ ಒಂದು ಪದ್ಧತಿಯಿತ್ತು. ನೋಟೀಸನ್ನು ಬಾಗಿಲಿನ ಒಳಮೈಗೆ ಅಂಟಿಸುವುದು. ಕಚೇರಿ ತೆರೆದಿರುವಷ್ಟು ಹೊತ್ತು ಬಾಗಿಲು ಒಳಕ್ಕೆ ಮಡಚಿ ಗೋಡೆಗೆ ಆತುಕೊಂಡಿರುತ್ತದೆ, ಕಾಗದ ಬಾಗಿಲಿಗೂ ಗೋಡೆಗೂ ನಡುವೆ. ಸಂಜೆ ಬೀಗ ಹಾಕಿದ ಮೇಲೆ ಅದು ಒಳಗಿನ ಕತ್ತಲೆಯನ್ನು ನೋಡುತ್ತಿರುತ್ತದೆ. ಓದುವುದಿದ್ದರೆ ಹಲ್ಲಿಗಳು ಓದಬೇಕು. "ಒಟ್ಟಿಯಾಚ್ಚಾ?" ಎಂದು ಹೆಡ್ ಕ್ಲಾರ್ಕ್ ಕೇಳುತ್ತಿದ್ದರು, ಅಂಟಿಸಿಯಾಯಿತೇ ಎಂದು. "ಒಟ್ಟಿಯಾಚ್ಚು ಸಾರ್" ಎಂದು, ಕಚೇರಿ ಬಾಗಿಲಿಗೆ ಅಂಟಿಸಲಾಗಿದೆ ಎಂಬ ಒಕ್ಕಣೆಯ ಕೆಳಗೆ ರುಜು ಹಾಕುತ್ತಿದ್ದೆ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ನನಗೆ ಈ ಪದ್ಧತಿಯನ್ನು ಹೇಳಿಕೊಟ್ಟವನು ನನಗಿಂತ ಹಿಂದಿನ ಅಟೆಂಡರ್. ಅವನಿಗೆ ಯಾರು ಹೇಳಿಕೊಟ್ಟರೋ.

ಕಚೇರಿಯ ಎದುರಿನ ಬೇವಿನ ಮರದಡಿ ನಾಲ್ಕೈದು ಹೆಂಗಸರು ಹೂ ಮಾರುತ್ತಿದ್ದರು. ಅವರಲ್ಲಿ ಚಂದ್ರಮ್ಮ ಕೋಲಾರದ ಕಡೆಯವಳು. ನಾನು ಕನ್ನಡದವನೆಂದು ತಿಳಿದ ದಿನದಿಂದ ನನ್ನ ಮೊಳ ಇತರರ ಮೊಳಕ್ಕಿಂತ ನಾಲ್ಕು ಬೆರಳು ಉದ್ದವಾಗಿತ್ತು. ಅಲ್ಲಿ ಮರ ಕಡಿದು ಅಂಗಡಿಸಾಲು ಕಟ್ಟುತ್ತಾರೆಂಬ ಗುಸುಗುಸು ಎದ್ದಾಗ ಅವಳು ನನ್ನನ್ನು ನಿಲ್ಲಿಸಿ, "ಮೀಟಿಂಗು ಅಂತ ಏನಾನಾ ಇದ್ರೆ ಒಂದು ಮಾತು ಹೇಳಣ್ಣ. ನಾವು ಬಂದು ಕೇಳ್ಕಂತೀವಿ. ಬೇಡ ಅಂದ್ರೆ ಬೇಡ, ಕೇಳೋದಾದ್ರೂ ಕೇಳ್ತೀವಿ" ಎಂದಿದ್ದಳು. ಆಗಲಿ ಎಂದಿದ್ದೆ.

ತೊಂಬತ್ತರ ದಶಕದ ಕೊನೆಯ ಒಂದು ಸೋಮವಾರ. ಅದೇ ಅಂಗಡಿಸಾಲಿನ ನೋಟೀಸನ್ನು ಕಂಕುಳಲ್ಲಿಟ್ಟು, ಅಂಟಿನ ಬಕೆಟ್ಟು ಹಿಡಿದು ಬರುತ್ತಿದ್ದೆ. ಆಕ್ಷೇಪಣೆ ಇದ್ದವರು ಸಭೆಯ ದಿನ ಬಂದು ಹೇಳಬೇಕೆಂದು ಅದರಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ಚಂದ್ರಮ್ಮ ಹೂ ಕಟ್ಟುತ್ತಲೇ ತಲೆಯೆತ್ತಿ, "ಏನಣ್ಣ, ಇವತ್ತೇನು ಅಂಟಿಸ್ತೀಯಾ?" ಎಂದಳು.

"ಪೋಲಿಯೋ ಪೋಸ್ಟರು" ಎಂದೆ.

ಅದು ನನ್ನ ಬಾಯಿಂದ ಹೇಗೆ ಬಂತೆಂದು ಇಂದಿಗೂ ಗೊತ್ತಿಲ್ಲ. ಹೀಗೆ ಹೇಳೆಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಮೇಲಿನವರ ಮೇಲೆ ಹಾಕಿ ಹಗುರಾಗಬಹುದಿತ್ತು. ಅವಳು, "ಒಳ್ಳೇ ಕೆಲಸ ಬಿಡು, ಮಕ್ಕಳದ್ದು" ಎಂದು ಸರೋಜಳಿಗೆಂದು ಒಂದು ಮೊಳ ಮಲ್ಲಿಗೆಯನ್ನು ಎಲೆಯಲ್ಲಿ ಸುತ್ತಿಕೊಟ್ಟಳು.

ಸಭೆ ಹತ್ತು ನಿಮಿಷದಲ್ಲಿ ಮುಗಿಯಿತು. ಆಕ್ಷೇಪಣೆ ಯಾರದೂ ಇಲ್ಲ ಎಂದು ಬರೆದುಕೊಂಡರು. ಮುಂದಿನ ತಿಂಗಳು ಮರ ಕಡಿಯುವವರು ಬಂದಾಗ ಚಂದ್ರಮ್ಮ ನೇರ ನನ್ನ ಸ್ಟೂಲಿನ ಬಳಿ ಬಂದಳು.

"ನೋಟೀಸು ಹಾಕಿದ್ರಂತೆ. ಹೌದಾ?"

"ಹಾಕಿದ್ವಮ್ಮ."

"ಎಲ್ಲಿ?"

ನಾನು ಎದ್ದು ಬಾಗಿಲನ್ನು ಗೋಡೆಯಿಂದ ಒಂದಿಷ್ಟು ಎಳೆದೆ. ಅವಳು ಆ ಸಂದಿಯೊಳಗೆ ಅಡ್ಡವಾಗಿ ತೂರಿ ನಿಂತು, ತಮಿಳು ಅಕ್ಷರಗಳನ್ನು ಒಂದೊಂದಾಗಿ ಕೂಡಿಸುತ್ತ ಓದತೊಡಗಿದಳು. ಬಹಳ ಹೊತ್ತು ಹಿಡಿಯಿತು. ಬಾಗಿಲು ಮತ್ತೆ ಗೋಡೆಗೆ ಹೋಗದಂತೆ ನಾನು ಹಿಡಿದುಕೊಂಡೇ ನಿಂತಿದ್ದೆ. ಓದಿ ಮುಗಿಸಿದವಳು ಉಗುರಿನಿಂದ ಕಾಗದದ ಒಂದು ಮೂಲೆ ಕೆರೆದು ನೋಡಿದಳು. ಏಳಲಿಲ್ಲ.

"ಚೆನ್ನಾಗಿ ಅಂಟಿಸಿದ್ದೀಯ ಕಣಣ್ಣ" ಎಂದು ಹೊರಟುಹೋದಳು.

ಹೂವಿನವರಿಗೆ ಸ್ಮಶಾನದ ರಸ್ತೆಯ ಹಿಂದೆ ಜಾಗ ತೋರಿಸಿದರು. ಅಲ್ಲಿ ಹಾರ ಬಿಟ್ಟರೆ ಮೊಳಮಲ್ಲಿಗೆ ಯಾರಿಗೂ ಬೇಕಿರಲಿಲ್ಲ. ಎರಡು ಸಲ ಕ್ಷಮೆ ಕೇಳಲೆಂದು ಆ ಕಡೆ ಹೋದೆ. ಮೊದಲ ಸಲ ಅವಳು ಹೂ ಅಳೆದುಕೊಟ್ಟಳು, ಸರಿಯಾಗಿ ಒಂದೇ ಮೊಳ. ದುಡ್ಡು ಕೊಟ್ಟು, ಹೂ ತೆಗೆದುಕೊಂಡು ಹಿಂದಿರುಗಿದೆ. ಎರಡನೆಯ ಸಲ ಅವಳಿರಲಿಲ್ಲ, ಊರಿಗೆ ಹೋದಳೆಂದರು. ಆಮೇಲೂ ನಾನು ನಿವೃತ್ತನಾಗುವವರೆಗೆ ನೋಟೀಸು ಅಂಟಿಸಿದೆ. ಒಳಮೈಗೆ ಅಂಟಿಸಲಿಲ್ಲ, ಆದರೆ ಏಕೆಂದು ಕೇಳಿದವರಿಗೆ ಒಳಗೆ ಗೆದ್ದಲು ಹಿಡಿದಿದೆ ಎನ್ನುತ್ತಿದ್ದೆ. ನನ್ನ ಪಶ್ಚಾತ್ತಾಪದ ಧೈರ್ಯ ಅಷ್ಟೇ.

ಮೊನ್ನೆ ಮೂಲೆ ಒತ್ತುತ್ತ ಒತ್ತುತ್ತ ಆ ಚೀಟಿಯನ್ನು ಪೂರ್ತಿ ಓದಿದೆ. ಭಾನುವಾರ ಹನ್ನೊಂದಕ್ಕೆ ಸಂಘದ ಸಭೆ. ಮೂರನೆಯ ವಿಷಯ, ಗೇಟಿನ ಪಕ್ಕದ ಇಸ್ತ್ರಿ ಬಂಡಿಯನ್ನು ತೆಗೆಸುವುದು. ಬಂಡಿಯ ಮುನುಸಾಮಿ ಗೇಟಿನಿಂದ ಒಳಗೆ ಬರುವವನಲ್ಲ. ಹಲಗೆ ಇರುವುದು ಒಳಗೆ. ಹಾಲಿನ ಪ್ಯಾಕೆಟ್ಟು ಹಿಡಿದೇ ಅವನ ಬಳಿ ಹೋಗಿ, ದಿನ, ಹೊತ್ತು, ವಿಷಯ ಮೂರನ್ನೂ ಹೇಳಿದೆ. ಅವನು ಪೆಟ್ಟಿಗೆಯ ಕೆಂಡಕ್ಕೆ ಗಾಳಿ ಹಾಕುವುದನ್ನು ನಿಲ್ಲಿಸಿ, "ನಾನ್ ವರಲಾಮಾ ಸಾರ್?" ಎಂದ, ತಾನೂ ಬರಬಹುದೇ ಎಂದು.

"ಬರಬಾರದು ಅಂತ ಅದರಲ್ಲಿ ಬರೆದಿಲ್ಲಪ್ಪ. ನಾನೂ ಇರ್ತೀನಿ" ಎಂದೆ.

ಮನೆಗೆ ಬಂದು ಸಣ್ಣ ಪಾತ್ರೆ ಹುಡುಕಿ, ಸರೋಜಳ ಹತ್ತಿರ ಎರಡು ಚಮಚ ಮೈದಾಹಿಟ್ಟು ಕೇಳಿದೆ.

"ಇವತ್ತೇನು ಅಂಟಿಸ್ತೀರಿ?" ಎಂದಳು ಅವಳು.

"ಸಭೆಯ ನೋಟೀಸು" ಎಂದು ಇದ್ದದ್ದನ್ನೇ ಹೇಳಿದೆ.