ಶೇಷಗಿರಿರಾಯರು ಬೇಡವೆಂದ ಕವಚಗಳು

ಶೇಷಗಿರಿರಾಯರಿಗೆ ಒಡೆದ ವಸ್ತು ಕಂಡರೆ ಆಗುತ್ತಿರಲಿಲ್ಲ. ಬರೋಡೆಯ ಮಾಂಡವಿ ಬಜಾರಿಗೆ ನೀರಿನ ಗಡಿಗೆ ಕೊಳ್ಳಲು ಹೋದರೆ ಅಂಗಡಿಯಲ್ಲಿದ್ದ ಗಡಿಗೆಗಳನ್ನೆಲ್ಲ ಒಂದೊಂದಾಗಿ ಬೆರಳಿನಿಂದ ಬಾರಿಸಿ, ಕಿವಿಗೊಟ್ಟು ಕೇಳುತ್ತಿದ್ದರು. “ಸಾಹೇಬ್, ಮಾಟಲುಂ ಲೇಶೋ ಕೆ ತಬಲಾಂ ವಗಾಡಶೋ?” ಎಂದು ಕುಂಬಾರ ಒಮ್ಮೆ ಕೇಳಿಯೇಬಿಟ್ಟ. ಗಡಿಗೆ ಕೊಳ್ಳುತ್ತೀರೋ, ತಬಲಾ ಬಾರಿಸುತ್ತೀರೋ ಎಂದು. ನಾನು ನಕ್ಕೆ, ರಾಯರು ನಗಲಿಲ್ಲ. ಅವರು ಬಾರಿಸುತ್ತಿದ್ದ ತೋರುಬೆರಳಿಗೆ ಉಗುರಿರಲಿಲ್ಲ. ಕಲ್ಲು ಕರಗಿಸುವ ಆಮ್ಲ ಯಾವ ಕಾಲದಲ್ಲೋ ಅದನ್ನು ತಿಂದುಹಾಕಿತ್ತು.

ಅವರು ಬಾಗಲಕೋಟೆ ಕಡೆಯವರು, ಎಣ್ಣೆಬಾವಿ ತೋಡುವವರಿಗೆ ಕಲ್ಲು ಪರೀಕ್ಷಿಸಿಕೊಡುವ ಬರೋಡೆಯ ಒಂದು ಪ್ರಯೋಗಶಾಲೆಯಲ್ಲಿದ್ದರು. ನಾನು ಧಾರವಾಡದಲ್ಲಿ ಸಸ್ಯಶಾಸ್ತ್ರದ ಎಂ.ಎಸ್‌ಸಿ. ಮುಗಿಸಿ, ಅರವತ್ತರ ದಶಕದ ಮೊದಲಲ್ಲಿ ಅವರ ಕೈಕೆಳಗೆ ಸೇರಿದೆ. ಮೊದಲ ದಿನವೇ ಹೇಳಿದರು: “ನಮ್ಮ ಕಡೀದಾಕಿ ಅಂತ ಸಡ್ಲ ಬಿಡೂದಿಲ್ಲ ಮತ್ತ, ತಂಗಿ.” ಬಿಡಲೂ ಇಲ್ಲ. ಆದರೆ ಊಟದ ಹೊತ್ತಿಗೆ ತಮ್ಮ ಡಬ್ಬಿಯ ಅರ್ಧ ರೊಟ್ಟಿ ನನ್ನ ಕಡೆ ತಳ್ಳದ ದಿನವಿಲ್ಲ.

ಬಾವಿಯ ಆಳದಿಂದ ಬಂದ ಕಲ್ಲನ್ನು ಆಮ್ಲದಲ್ಲಿ ಕರಗಿಸಿದರೆ ಕೊನೆಗೆ ಚಿಟಿಕೆಯಷ್ಟು ಕಪ್ಪು ಗಸಿ ಉಳಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ತುಂಬ ದತ್ತೂರಿ ಕಾಯಿಯಂಥ ಮುಳ್ಳಿನ ಉಂಡೆಗಳು. ಕೋಟಿಗಟ್ಟಲೆ ವರ್ಷಗಳ ಹಿಂದೆ ಸಮುದ್ರದಲ್ಲಿದ್ದ ಏನೋ ಒಂದು, ಗಿಡವೋ ಪ್ರಾಣಿಯೋ ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮುಳ್ಳಿನ ಉದ್ದ, ತುದಿಯ ಕವಲು ನೋಡಿ ರಾಯರು ಅವುಗಳನ್ನು ಜಾತಿ ಜಾತಿಯಾಗಿ ವಿಂಗಡಿಸುತ್ತಿದ್ದರು. ಖಂಭಾತದ ಕಡೆಯ ಒಂದೇ ಬಾವಿಯ ಕಲ್ಲಿನಿಂದ ಹತ್ತೊಂಬತ್ತು ಹೊಸ ಜಾತಿ ಕಂಡುಹಿಡಿದಿದ್ದರು. ನಾಲ್ಕು ವರ್ಷದ ದುಡಿಮೆ. ಬಾವಿಯವರಿಗೆ ಕೊಡಬೇಕಾದ ವರದಿ ಆಗಲೇ ಅಚ್ಚಾಗಿ ಹೋಗಿತ್ತು. ಆ ಹೊಸ ಜಾತಿಗಳ ಮೇಲಿನ ಪುಸ್ತಕವೊಂದು ಅಚ್ಚಾದರೆ ಸಾಕು, ಮತ್ತೇನೂ ಬೇಡ ಎನ್ನುತ್ತಿದ್ದರು. ಮಕ್ಕಳಿರಲಿಲ್ಲ, ಹೆಂಡತಿ ತೀರಿಕೊಂಡಿದ್ದರು.

ಒಂದೊಂದು ಉಂಡೆಯನ್ನು ಹೆಕ್ಕಿ ಒಂದೊಂದು ಗಾಜಿನ ಮೇಲೆ ಕೂರಿಸುವುದು ನನ್ನ ಕೆಲಸ. ನೋಡಿ ಆರಿಸುವವರು ಅವರು. ಮೈ ಪೂರ್ತಿ ಇದ್ದರೆ ಇಟ್ಟುಕೊಳ್ಳುವರು. ತೂತು ಕಂಡರೆ ಉಗುರಿಲ್ಲದ ಬೆರಳಿನಿಂದ ಪಕ್ಕಕ್ಕೆ ಸರಿಸಿ, “ಭಿನ್ನಾದ ಮೂರ್ತಿಗೆ ಪೂಜಿ ಇಲ್ಲ. ತೊಳದ ಹಾಕು” ಎನ್ನುವರು. ಒಳ್ಳೆಯ ಗಾಜು ಸಿಗುವುದು ಕಷ್ಟವಿದ್ದ ಕಾಲ. ನಾನು ಬಿಸಿನೀರಿನಲ್ಲಿ ಅಂಟು ಕರಗಿಸಿ, ಗಾಜು ಒರೆಸಿ ಮತ್ತೆ ಬಳಸುತ್ತಿದ್ದೆ.

ತೊಳೆಯುವ ಮುಂಚೆ ನಾನೂ ಒಮ್ಮೊಮ್ಮೆ ಇಣುಕಿ ನೋಡುತ್ತಿದ್ದೆ. ಒಂದು ದಿನ ತಡೆಯಲಾರದೆ ಕೇಳಿದೆ: “ಸರ್, ಒಂದ ಜಾತಿಯವು ಎಲ್ಲಾ ಒಂದ ಜಾಗಾದಾಗ ಒಡದಾವಲ್ರೀ. ಅಂಚೂ ಕತ್ತರಿಸಿಧಂಗ ನುಣ್ಣಗದ.”

“ಒಡದದ್ದು ಒಡದದ್ದ, ತಂಗಿ. ಅದರಾಗ ಚಂದ ಏನ್ ನೋಡ್ತೀ?”

ನಾನು ಹೊಸಬಳು, ಇನ್ನೊಮ್ಮೆ ಕೇಳುವ ಧೈರ್ಯವಿರಲಿಲ್ಲ. ಅಂದೂ ಬೇಸಿನ್ನಿನಲ್ಲಿ ಬಿಸಿನೀರು ಸುರಿದೆ.

ಪರದೇಶದ ಪತ್ರಿಕೆಗಳು ನಮಗೆ ಹಡಗಿನಲ್ಲಿ, ತಿಂಗಳುಗಟ್ಟಲೆ ತಡವಾಗಿ ಬರುತ್ತಿದ್ದವು. ಪುಸ್ತಕದ ಟೈಪು ಮುಗಿದಿದ್ದ ವಾರ ಅಂಥದ್ದೊಂದು ಬಂತು. ರಾಯರು ಬೆಳಗಿನಿಂದ ಸಂಜೆಯವರೆಗೆ ಒಂದೇ ಲೇಖನ ಓದಿದರು. ಈ ಮುಳ್ಳಿನ ಉಂಡೆಗಳಲ್ಲಿ ಹೆಚ್ಚಿನವು ಡೈನೋಫ್ಲಾಜೆಲೇಟ್ ಎಂಬ ಒಂದೇ ಕೋಶದ ಜೀವಿ ಕೆಟ್ಟಕಾಲದಲ್ಲಿ ತನ್ನ ಸುತ್ತ ಕಟ್ಟಿಕೊಂಡ ಕವಚಗಳು. ಒಳ್ಳೆಯ ಕಾಲ ಬಂದಾಗ ಅದು ಹೊರಬಿದ್ದ ಬಾಗಿಲೇ ಆ ತೂತು. ಯಾವ ಜಾತಿ ಎಂದು ಹೇಳಲು ಮುಳ್ಳು ನೋಡಿದರೆ ಸಾಲದು, ಬಾಗಿಲು ಎಲ್ಲಿದೆ, ಯಾವ ಆಕಾರದ್ದು ಎಂದು ನೋಡಬೇಕು. ಇಷ್ಟು ಅದರಲ್ಲಿತ್ತು.

“ಆ ಮನಶ್ಯಾ ಖರೇ ಹೇಳ್ಯಾನ” ಎಂದರು. ಪತ್ರಿಕೆ ಮುಚ್ಚಿಟ್ಟು, “ತೂತಿದ್ದವು ಎಲ್ಲಿ ಇಟ್ಟೀ?” ಎಂದು ಕೇಳಿದರು.

“ಇಟ್ಟಿಲ್ರೀ ಸರ್. ತೊಳದ ಹಾಕು ಅಂದಿದ್ರಿ.”

“ಒಂದೂ?”

“ಒಂದೂ ಇಲ್ರೀ.”

ಅವರು ಬೈಯಲಿಲ್ಲ. ಬೈದಿದ್ದರೆ ನನ್ನ ಎದೆ ಹಗುರಾಗುತ್ತಿತ್ತು. ಎದ್ದು ಹೋಗಿ ಬೇಸಿನ್ನಿನ ತೂಬನ್ನು ನೋಡುತ್ತ ನಿಂತರು. ಆ ಬಾವಿಯ ಕಲ್ಲು ಪೂರ್ತಿ ಕರಗಿಸಿ ಮುಗಿದಿತ್ತು. ಒಂದು ಹಿಡಿಯಾದರೂ ಕಳಿಸಿ ಎಂದು ಬಾವಿಯವರಿಗೆ ಬರೆದರು. ಬಾವಿಯಲ್ಲಿ ಎಣ್ಣೆ ಸಿಗದೆ ಸಿಮೆಂಟು ಹಾಕಿ ಮುಚ್ಚಿದ್ದೇವೆ, ಕಲ್ಲೂ ಉಳಿದಿಲ್ಲ ಎಂದು ಉತ್ತರ ಬಂತು.

ಆಮೇಲೆ ಅವರು ಹಸ್ತಪ್ರತಿ ತೆಗೆದು, ಹತ್ತೊಂಬತ್ತು ಚಿತ್ರಗಳ ಕೆಳಗೂ ಪೆನ್ಸಿಲಿನಿಂದ “ಗೊತ್ತಿಲ್ಲ” ಎಂದು ಬರೆದು ಕಪಾಟಿನಲ್ಲಿಟ್ಟರು. ನಾನು ಗೋಗರೆದೆ, ಹಂಗ ಕಳಸ್ರೀ ಅಂದೆ. “ತಿಳದೂ ತಿಳದೂ ಸುಳ್ಳ ಕಳಸ್ಲಿ?” ಎಂದರು. ಮೊದಲಿನಿಂದಲೂ ಇದ್ದ ಕೆಮ್ಮು ಆ ಚಳಿಗಾಲದಲ್ಲಿ ಅವರು ಹಾಸಿಗೆ ಹಿಡಿಯುವಂತೆ ಮಾಡಿತು. ರೊಟ್ಟಿ ತಿನ್ನುವುದು ನಿಂತಿತು.

ಕೊನೆಯ ಸಲ ಆಸ್ಪತ್ರೆಗೆ ಹೋದಾಗ ಸೂರತ್ ಕಡೆಯ ಹೊಸ ಬಾವಿಯ ಚಿತ್ರಗಳನ್ನು ಒಯ್ದಿದ್ದೆ. ಈ ಸಲ ತೂತಿದ್ದವನ್ನೇ ಮೊದಲು ಬರೆದಿದ್ದೆ. ಅವರು ಒಂದೊಂದನ್ನೂ ಕಣ್ಣ ಹತ್ತಿರ ಹಿಡಿದು ನೋಡಿದರು. ಉಸಿರಾಡಲು ಕಷ್ಟಪಡುತ್ತಿದ್ದರು.

“ನೀ ಮೊದಲ ಕಂಡಿದ್ದಿ. ನಾ ನಿನ್ನ ಬಾಯಿ ಮುಚ್ಚಿಸಿದೆ.”

“ಅದೆಲ್ಲಾ ಈಗ್ಯಾಕ ಬಿಡ್ರೀ, ಸರ್.”

“ಬಿಡಬ್ಯಾಡ, ಬರಿ. ಖಂಭಾತದ ಬಾವಿ ಮ್ಯಾಲ ನನ್ನ ವರದಿ ಆಗಲೇ ಹೋಗೇದ. ಅದರಾಗ ಎಲ್ಲಾ ಪೂರ್ತಿ ಮೈಯವ, ತೂತಿದ್ದವು ಒಂದೂ ಇಲ್ಲ ಅಂತ ಬರದೀನಿ. ಇದ್ದವು, ಶೇಷಗಿರಿ ಒಗಸಿದ ಅಂತ ನೀ ಬರಿ. ಮುಂದ ಬರಾವ್ರು ಅದನ್ನ ನಂಬಿ ಮೋಸಹೋಗಬಾರ್ದು.”

“ಬರೀತೀನ್ರೀ” ಎಂದೆ.

ಹೋಳಿಹಬ್ಬಕ್ಕೆ ನಾಲ್ಕು ದಿನ ಮುಂಚೆ ಅವರು ಹೋದರು. ಸೂರತ್ ಬಾವಿಯ ಮೇಲಿನ ನನ್ನ ಲೇಖನ ಅಚ್ಚಾದಾಗ ಮೊದಲ ಪುಟದಲ್ಲಿ ಅವರನ್ನು ಗುರುಗಳೆಂದು ನೆನೆದೆ. ಅವರು ಹೇಳಿದ ಮಾತು ಮಾತ್ರ ಬರೆಯಲಿಲ್ಲ. ಸತ್ತ ಹಿರಿಯರ ಹೆಸರು ಕೆಡಿಸಬಾರದೆಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ತೊಳೆದವರು ಯಾರು ಎಂದು ಯಾರಾದರೂ ಕೇಳಿಯಾರು ಎಂದು ಹೆದರಿದೆ. ಖಂಭಾತದ ಆ ಬಾವಿಯ ಬಗ್ಗೆ ಬರೆಯುವವರು ಇಂದಿಗೂ ರಾಯರ ವರದಿಯನ್ನೇ ನಂಬಿ, ತೂತಿದ್ದ ಕವಚ ಅಲ್ಲಿ ಒಂದೂ ಇರಲಿಲ್ಲ ಎಂದು ಬರೆಯುತ್ತಾರೆ.